ಮಗುವಿನ ಹೃದಯದಲ್ಲಿ ರಂಧ್ರ: ಎದೆ ಸೀಳದೆ ಮುಚ್ಚುವ ಸಾಧನಗಳು

ಕಳೆದ ಚಳಿಗಾಲದಲ್ಲಿ ಒಬ್ಬ ವೃದ್ಧೆ ತಮ್ಮ ಮೊಮ್ಮಗಳನ್ನು ಕರೆದುಕೊಂಡು ನನ್ನ ದವಾಖಾನೆಗೆ ಬಂದರು. ಹುಡುಗಿಗೆ ಒಂಬತ್ತು ವರ್ಷ. ಶಾಲೆಗೆ ಆರೋಗ್ಯ ತಪಾಸಣೆಗೆ ಬಂದಿದ್ದ ವೈದ್ಯರು ಅವಳ ಎದೆಬಡಿತ ಕೇಳಿ ಅನುಮಾನಪಟ್ಟು ಜಿಲ್ಲಾಸ್ಪತ್ರೆಗೆ ಕಳುಹಿಸಿದ್ದರು. ಅಲ್ಲಿ ಎಕೋ ಪರೀಕ್ಷೆ ಮಾಡಿದಾಗ "ಎಎಸ್‌ಡಿ, 14 ಮಿ.ಮೀ." ಎಂಬ ವರದಿ ಬಂದಿತ್ತು. ಅಜ್ಜಿ ಆ ಕಾಗದವನ್ನು ಮೇಜಿನ ಮೇಲಿಟ್ಟು, ಬಾಗಿಲ ಹೊರಗೆ ಕುಳಿತವರಿಗೆ ಕೇಳಿಸದಂತೆ ಸಣ್ಣ ಧ್ವನಿಯಲ್ಲಿ ಹೇಳಿದರು:

"ಹಕೀಮ್ ಸಾಹೇಬರೆ, ಇವಳ ಹೃದಯದಲ್ಲಿ ತೂತು ಇದೆಯಂತೆ. ಏನೋ ಬಟನ್ ಹಾಕಿ ಮುಚ್ಚುತ್ತಾರಂತೆ. ಹೆಣ್ಣು ಮಗು, ನಾಳೆ ಮದುವೆಯಾಗಬೇಕು. ಜನಕ್ಕೆ ಗೊತ್ತಾದರೆ ಯಾರು ಬರುತ್ತಾರೆ? ಖಮೀರಾನೋ ಮಜೂನೋ ಕೊಟ್ಟು ನೀವೇ ಮುಚ್ಚಿಬಿಡಿ."

ನಾನು ಯುನಾನಿ ವೈದ್ಯ. ನನ್ನ ಕಪಾಟಿನಲ್ಲಿ ಖಮೀರಾ ಗಾವ್‌ಜಬಾನ್ ಇದೆ, ದವಾಉಲ್ ಮಿಸ್ಕ್ ಕೂಡ ಇದೆ. ಆದರೆ ಅವರಿಗೆ ನಾನು ಕೊಟ್ಟ ಉತ್ತರ ಒಂದೇ: "ಅಮ್ಮಾ, ಹೃದಯದ ರಂಧ್ರ ಮುಚ್ಚುವ ಔಷಧಿ ನನ್ನ ಬಳಿ ಇಲ್ಲ. ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ."

ಅವರೊಂದಿಗೆ ಅಂದು ಮಾತನಾಡಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಏಕೆಂದರೆ ಇದೇ ಪ್ರಶ್ನೆ, ಇದೇ ಭಯ, ಇದೇ ಗುಟ್ಟು ನಮ್ಮ ಅನೇಕ ಮನೆಗಳಲ್ಲಿದೆ.

ರಂಧ್ರ ಎಲ್ಲಿಂದ ಬಂತು?

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲೆ ಎರಡು, ಕೆಳಗೆ ಎರಡು. ಬಲಭಾಗದ ಕೋಣೆಗಳು ದೇಹದಿಂದ ಬಂದ ಅಶುದ್ಧ ರಕ್ತವನ್ನು ಶ್ವಾಸಕೋಶಕ್ಕೆ ಕಳುಹಿಸುತ್ತವೆ. ಎಡಭಾಗದವು ಶುದ್ಧ ರಕ್ತವನ್ನು ಇಡೀ ದೇಹಕ್ಕೆ ತಳ್ಳುತ್ತವೆ. ಎರಡರ ನಡುವೆ ಗೋಡೆಯಿದೆ.

ಈ ಗೋಡೆಗೂ ನಮ್ಮ ವೈದ್ಯಶಾಸ್ತ್ರಕ್ಕೂ ಹಳೆಯ ನಂಟು. ಗ್ರೀಕ್ ವೈದ್ಯ ಜಾಲಿನೂಸ್ (ಗ್ಯಾಲೆನ್) ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿದ್ದು, ಅವುಗಳ ಮೂಲಕ ರಕ್ತ ಬಲದಿಂದ ಎಡಕ್ಕೆ ಜಿನುಗುತ್ತದೆ ಎಂದಿದ್ದ. ಸಾವಿರ ವರ್ಷ ಜನ ಅದನ್ನೇ ನಂಬಿದ್ದರು. ಡಮಾಸ್ಕಸ್‌ನಲ್ಲಿ ವೈದ್ಯಶಾಸ್ತ್ರ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನುನ್ನಫೀಸ್, 1242ರಲ್ಲಿ ಇಬ್ನು ಸೀನಾರ 'ಅಲ್ ಕಾನೂನ್' ಗ್ರಂಥದ ಅಂಗರಚನೆಯ ಭಾಗಕ್ಕೆ ಬರೆದ ವ್ಯಾಖ್ಯಾನದಲ್ಲಿ ಇದನ್ನು ಅಲ್ಲಗಳೆದರು. ಆ ಗೋಡೆ ಗಟ್ಟಿಯಾಗಿದೆ, ಅದರಲ್ಲಿ ಕಾಣುವ ರಂಧ್ರವೂ ಇಲ್ಲ ಕಾಣದ ರಂಧ್ರವೂ ಇಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಬಲದಿಂದ ಎಡಕ್ಕೆ ಬರುತ್ತದೆ ಎಂಬುದು ಅವರ ತೀರ್ಮಾನ. ಆ ಹಸ್ತಪ್ರತಿ ಬಹುಕಾಲ ಮರೆತುಹೋಗಿತ್ತು. 1924ರಲ್ಲಿ ಈಜಿಪ್ಟಿನ ಒಬ್ಬ ವೈದ್ಯರು ಬರ್ಲಿನ್‌ನ ಗ್ರಂಥಾಲಯದಲ್ಲಿ ಅದನ್ನು ಕಂಡು ಲೋಕಕ್ಕೆ ತಿಳಿಸಿದರು. ಆರೋಗ್ಯವಂತ ಹೃದಯದ ಗೋಡೆಯಲ್ಲಿ ತೂತಿರುವುದಿಲ್ಲ ಎಂದು ನಮ್ಮ ಹಿರಿಯರು ಗ್ರಂಥಕ್ಕಿಂತ ವಾಸ್ತವವನ್ನು ನೋಡಿ ಹೇಳಿದರು. ತೂತಿರುವ ಹೃದಯದ ವಿಷಯದಲ್ಲೂ ನಾವು ವಾಸ್ತವವನ್ನೇ ನೋಡಬೇಕು.

ತಾಯಿಯ ಗರ್ಭದಲ್ಲಿ ಮಾತ್ರ ಕಥೆ ಬೇರೆ. ಗರ್ಭದಲ್ಲಿರುವ ಮಗು ಉಸಿರಾಡುವುದಿಲ್ಲ. ಆಮ್ಲಜನಕ ತಾಯಿಯಿಂದಲೇ ಬರುತ್ತದೆ. ಆದ್ದರಿಂದ ಮಗುವಿನ ರಕ್ತ ಶ್ವಾಸಕೋಶವನ್ನು ಬಹುಪಾಲು ಬಿಟ್ಟು ಸಾಗಲು ಅಲ್ಲಾಹನು ಎರಡು ದಾರಿಗಳನ್ನಿಟ್ಟಿದ್ದಾನೆ. ಒಂದು, ಮೇಲಿನ ಎರಡು ಕೋಣೆಗಳ ನಡುವೆ ಬಾಗಿಲಿನಂಥ ತೆರಪು. ಇನ್ನೊಂದು, ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಚಿಕ್ಕ ಕೊಳವೆ. ಮಗು ಹುಟ್ಟಿ ಮೊದಲ ಬಾರಿ ಅತ್ತಾಗ ಶ್ವಾಸಕೋಶ ತೆರೆದುಕೊಳ್ಳುತ್ತದೆ. ಮೇಲಿನ ಬಾಗಿಲು ಒತ್ತಿಕೊಂಡು ಮುಚ್ಚುತ್ತದೆ. ಕೊಳವೆ ಎರಡು ಮೂರು ದಿನಗಳಲ್ಲಿ ಬಿಗಿದು, ಕೆಲವು ವಾರಗಳಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ಕೆಲವು ಮಕ್ಕಳಲ್ಲಿ ಈ ದಾರಿ ಮುಚ್ಚುವುದಿಲ್ಲ, ಇಲ್ಲವೆ ಗೋಡೆಯೇ ಪೂರ್ತಿ ಬೆಳೆದಿರುವುದಿಲ್ಲ. ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 8-9 ಮಕ್ಕಳಿಗೆ ಹೃದಯದ ಯಾವುದಾದರೊಂದು ಜನ್ಮಜಾತ ದೋಷವಿರುತ್ತದೆ. ಅವುಗಳಲ್ಲಿ ರಂಧ್ರಗಳೇ ಹೆಚ್ಚು.

ಇಲ್ಲಿ ಸೊಸೆಯನ್ನು ದೂರುವವರಿಗೆ ಒಂದು ಮಾತು. ಗ್ರಹಣ ನೋಡಿದ್ದರಿಂದ, ಮೆಟ್ಟಿಲು ಹತ್ತಿದ್ದರಿಂದ, ಯಾರದೋ ದೃಷ್ಟಿಯಿಂದ ಹೃದಯದಲ್ಲಿ ರಂಧ್ರ ಬೀಳುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲಾಗದು. ಆದರೆ ಗರ್ಭಿಣಿಗೆ ರುಬೆಲ್ಲಾ ಸೋಂಕು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ವೈದ್ಯರನ್ನು ಕೇಳದೆ ನುಂಗಿದ ಕೆಲವು ಔಷಧಿಗಳು ಅಪಾಯವನ್ನು ಹೆಚ್ಚಿಸುತ್ತವೆ. ನಮ್ಮ ಯುನಾನಿಯ ಕುಶ್ತಾಗಳನ್ನೂ ಗರ್ಭಿಣಿಯರು ಸ್ವಂತವಾಗಿ ತೆಗೆದುಕೊಳ್ಳಬಾರದು. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಈ ದೋಷ ಸ್ವಲ್ಪ ಹೆಚ್ಚು. ಇದನ್ನು ಮನೆಯ ಹಿರಿಯರು ತಿಳಿದಿರುವುದು ಒಳ್ಳೆಯದು.

ಮೂರು ಬಗೆಯ ರಂಧ್ರಗಳು

ವರದಿಯಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು ಮೂರು.

ಎಎಸ್‌ಡಿ: ಮೇಲಿನ ಎರಡು ಕೋಣೆಗಳ ನಡುವಿನ ರಂಧ್ರ. ಹೆಣ್ಣುಮಕ್ಕಳಲ್ಲಿ ಹೆಚ್ಚು. ಬಾಲ್ಯದಲ್ಲಿ ಬಹುತೇಕ ಯಾವ ತೊಂದರೆಯೂ ಕಾಣಿಸದೆ ಮೂವತ್ತು ನಲವತ್ತರ ವಯಸ್ಸಿನಲ್ಲಿ ಏದುಸಿರಾಗಿ ಹೊರಬೀಳಬಹುದು. ಶಿಶುವಿನಲ್ಲಿ 5 ಮಿ.ಮೀ.ಗಿಂತ ಚಿಕ್ಕದಾಗಿದ್ದರೆ ಹೆಚ್ಚಾಗಿ ತಾನೇ ಮುಚ್ಚುತ್ತದೆ. 8 ಮಿ.ಮೀ.ಗಿಂತ ದೊಡ್ಡದು ತಾನಾಗಿ ಮುಚ್ಚುವುದು ಅಪರೂಪ.

ವಿಎಸ್‌ಡಿ: ಕೆಳಗಿನ ಎರಡು ಕೋಣೆಗಳ ನಡುವಿನ ರಂಧ್ರ. ಗೋಡೆಯ ಸ್ನಾಯುಭಾಗದಲ್ಲಿರುವ ಸಣ್ಣ ರಂಧ್ರಗಳಲ್ಲಿ ಹೆಚ್ಚಿನವು ಮಗು ಬೆಳೆದಂತೆ ಮುಚ್ಚಿಕೊಳ್ಳುತ್ತವೆ. ದೊಡ್ಡವು ಶಿಶುವನ್ನು ಮೊದಲ ತಿಂಗಳುಗಳಲ್ಲೇ ಬಳಲಿಸುತ್ತವೆ.

ಪಿಡಿಎ: ಮೇಲೆ ಹೇಳಿದ ಕೊಳವೆ ಮುಚ್ಚದೆ ಉಳಿಯುವುದು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಸಾಮಾನ್ಯ.

"ನಮ್ಮ ಪಕ್ಕದ ಮನೆಯ ಮಗುವಿಗೂ ತೂತಿತ್ತು, ನೀರು ಊದಿಸಿ ಕುಡಿಸಿದರು, ಹೋಯಿತು" ಎಂದು ಹೇಳುವವರಿದ್ದಾರೆ. ದುಆ ಖಂಡಿತ ಮಾಡಿ. ಆದರೆ ಆ ಮಗುವಿನ ರಂಧ್ರ ತಾನಾಗಿ ಮುಚ್ಚುವಷ್ಟು ಸಣ್ಣದಿತ್ತು. ನಿಮ್ಮ ಮಗುವಿನದು ಯಾವುದೆಂದು ಎಕೋ ಮಾತ್ರ ಹೇಳಬಲ್ಲುದು.

ನನ್ನಿಂದಾದ ತಪ್ಪು

ಹೃದಯದ ಎಡಭಾಗದಲ್ಲಿ ಒತ್ತಡ ಹೆಚ್ಚು. ಬಲಭಾಗದಲ್ಲಿ ಕಡಿಮೆ. ರಂಧ್ರವಿದ್ದರೆ ಶುದ್ಧ ರಕ್ತ ಎಡದಿಂದ ಬಲಕ್ಕೆ ನುಗ್ಗಿ, ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಶ್ವಾಸಕೋಶ ಸದಾ ಹೆಚ್ಚುವರಿ ರಕ್ತದಿಂದ ತುಂಬಿರುತ್ತದೆ. ಹೃದಯ ಒಂದೇ ಕೆಲಸವನ್ನು ಎರಡೆರಡು ಸಲ ಮಾಡುತ್ತದೆ.

ನಾನು ವೃತ್ತಿ ಆರಂಭಿಸಿದ ಹೊಸತರಲ್ಲಿ ಒಬ್ಬ ತಾಯಿ ಐದು ತಿಂಗಳ ಗಂಡುಮಗುವನ್ನು ಕೆಮ್ಮು ಎಂದು ತಂದರು. ಕೆಮ್ಮಿಗೆ ಶರಬತ್ತು ಕೊಟ್ಟೆ. ಮೂರು ವಾರದ ಮೇಲೆ ಮತ್ತೆ ಬಂದರು. ಮತ್ತೆ ಶರಬತ್ತು. ಮೂರನೆಯ ಸಲ ಮಗುವಿನ ತೂಕ ನೋಡಿದೆ: ಎರಡು ತಿಂಗಳಿಂದ ಏರಿಯೇ ಇರಲಿಲ್ಲ. ತಾಯಿ ಹೇಳಿದರು, "ಹಾಲು ಕುಡಿಯುವಾಗ ಹಣೆಯೆಲ್ಲ ಬೆವರುತ್ತದೆ, ಸ್ವಲ್ಪ ಕುಡಿದು ಸುಸ್ತಾಗಿ ಬಿಡುತ್ತಾನೆ." ಆ ಮಾತನ್ನು ನಾನು ಮೊದಲ ದಿನವೇ ಕೇಳಬೇಕಿತ್ತು. ಕೇಳಿರಲಿಲ್ಲ. ಮಕ್ಕಳ ತಜ್ಞರ ಬಳಿ ಕಳುಹಿಸಿದೆ. ದೊಡ್ಡ ವಿಎಸ್‌ಡಿ ಇತ್ತು. ಅದೇ ತಿಂಗಳು ಶಸ್ತ್ರಚಿಕಿತ್ಸೆ ಆಯಿತು. ಅಲ್‌ಹಮ್ದುಲಿಲ್ಲಾಹ್, ಆ ಹುಡುಗ ಈಗ ಕಾಲೇಜಿನಲ್ಲಿದ್ದಾನೆ. ಆದರೆ ಆ ಏಳೆಂಟು ವಾರ ನನ್ನ ಲೆಕ್ಕದಲ್ಲಿ ಇಂದಿಗೂ ಉಳಿದಿದೆ.

ಆದ್ದರಿಂದ ತಾಯಂದಿರು ಈ ಲಕ್ಷಣಗಳನ್ನು ನೆನಪಿಡಿ: ಹಾಲು ಕುಡಿಯುವಾಗ ಹಣೆ ಬೆವರುವುದು, ಬಿಟ್ಟು ಬಿಟ್ಟು ಕುಡಿಯುವುದು, ನಿದ್ದೆಯಲ್ಲೂ ವೇಗವಾಗಿ ಉಸಿರಾಡುವುದು, ಪಕ್ಕೆಲುಬುಗಳ ನಡುವೆ ಗುಳಿ ಬೀಳುವುದು, ತೂಕ ಏರದಿರುವುದು, ಮತ್ತೆ ಮತ್ತೆ ನ್ಯುಮೋನಿಯಾ, ದೊಡ್ಡ ಮಕ್ಕಳಾದರೆ ಆಟದಲ್ಲಿ ಬೇಗ ದಣಿದು ಕುಳಿತುಬಿಡುವುದು. ತುಟಿ, ನಾಲಿಗೆ ನೀಲಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಶಸ್ತ್ರಚಿಕಿತ್ಸೆಯಿಂದ ಸಾಧನದವರೆಗೆ

ಈ ರಂಧ್ರಗಳನ್ನು ಮುಚ್ಚುವ ಪ್ರಯತ್ನ ಶಸ್ತ್ರಚಿಕಿತ್ಸೆಯಿಂದ ಶುರುವಾಯಿತು. 1938ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ರಾಬರ್ಟ್ ಗ್ರಾಸ್ ಎಂಬ ಶಸ್ತ್ರವೈದ್ಯ ಏಳು ವರ್ಷದ ಬಾಲಕಿಯ ಪಿಡಿಎ ಕೊಳವೆಯನ್ನು ದಾರದಿಂದ ಕಟ್ಟಿ ಮುಚ್ಚಿದ. 1952ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಜಾನ್ ಲೂಯಿಸ್ ಐದು ವರ್ಷದ ಹುಡುಗಿಯ ದೇಹವನ್ನು ತಂಪುಗೊಳಿಸಿ, ಹೃದಯ ತೆರೆದು ಎಎಸ್‌ಡಿಯನ್ನು ಹೊಲಿದ. 1953ರಲ್ಲಿ ಫಿಲಡೆಲ್ಫಿಯಾದ ಜಾನ್ ಗಿಬ್ಬನ್ ತಾನೇ ರೂಪಿಸಿದ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಹದಿನೆಂಟು ವರ್ಷದ ಯುವತಿಯ ಎಎಸ್‌ಡಿ ಮುಚ್ಚಿದ. ಮೂವರೂ ಹೆಣ್ಣುಮಕ್ಕಳೇ ಎಂಬುದನ್ನು ಗಮನಿಸಿ.

ಎದೆ ತೆರೆಯದೆ, ರಕ್ತನಾಳದ ದಾರಿಯಿಂದಲೇ ಹೋಗಿ ಮುಚ್ಚಲಾಗದೆ ಎಂಬ ಪ್ರಶ್ನೆ ಅಲ್ಲಿಂದ ಬಂತು. 1967ರಲ್ಲಿ ಬರ್ಲಿನ್‌ನ ಪೋರ್ಸ್ಟ್‌ಮನ್ ಪಿಡಿಎಯನ್ನು ಸ್ಪಂಜಿನಂಥ ಬಿರಡೆಯಿಂದ ಮುಚ್ಚಿ ತೋರಿಸಿದ. 1975ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಟೆರಿ ಕಿಂಗ್ ಮತ್ತು ನೋಯೆಲ್ ಮಿಲ್ಸ್ ಹದಿನೇಳು ವರ್ಷದ ಹುಡುಗಿಯ ಎಎಸ್‌ಡಿಯನ್ನು ಎರಡು ಪುಟ್ಟ ಛತ್ರಿಗಳಂಥ ಸಾಧನದಿಂದ ಮುಚ್ಚಿದರು. ಆದರೆ ಆ ಸಾಧನವನ್ನು ಒಯ್ಯಲು ಬೇಕಾದ ಕೊಳವೆ ತುಂಬ ದಪ್ಪವಿತ್ತು. ಚಿಕ್ಕ ಮಕ್ಕಳಿಗೆ ಆಗುತ್ತಿರಲಿಲ್ಲ.

ಈ ತೊಡಕನ್ನು ಬಿಡಿಸಿದ್ದು ನಿಟಿನಾಲ್ ಎಂಬ ಲೋಹ. ನಿಕ್ಕಲ್ ಮತ್ತು ಟೈಟಾನಿಯಂ ಹೆಚ್ಚುಕಡಿಮೆ ಅರ್ಧರ್ಧ ಬೆರೆತ ಮಿಶ್ರಲೋಹ ಇದು. ಇದರ ಗುಣ ವಿಚಿತ್ರ. ಒಮ್ಮೆ ಕಾಯಿಸಿ ಒಂದು ಆಕಾರ ಕಲಿಸಿದರೆ ಅದನ್ನು ಮರೆಯುವುದಿಲ್ಲ. ಎಳೆದು ಸಣ್ಣ ಕೊಳವೆಯೊಳಗೆ ತೂರಿಸಿದರೂ ಹೊರಬಂದೊಡನೆ ತನ್ನ ಹಳೆಯ ಆಕಾರಕ್ಕೆ ಬಿಚ್ಚಿಕೊಳ್ಳುತ್ತದೆ. ಮಿನೆಸೋಟಾದಲ್ಲಿ ಕೆಲಸ ಮಾಡುತ್ತಿದ್ದ, ಆಸ್ಟ್ರಿಯಾ ಮೂಲದ ಕರ್ಟ್ ಆಂಪ್ಲಾಟ್ಜ್ ಎಂಬ ವೈದ್ಯರು ಈ ಲೋಹದ ಸಣ್ಣ ತಂತಿಗಳನ್ನು ಬಲೆಯಂತೆ ಹೆಣೆದು ಸಾಧನ ಮಾಡಿದರು. ಅವರ ಹೆಸರಿನಿಂದಲೇ ಅದನ್ನು 'ಆಂಪ್ಲಾಟ್ಜರ್' ಎನ್ನುತ್ತಾರೆ. 2001ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ಪ್ರಾಧಿಕಾರ ಎಎಸ್‌ಡಿ ಮುಚ್ಚಲು ಅದಕ್ಕೆ ಒಪ್ಪಿಗೆ ಕೊಟ್ಟಿತು. ಈಗ ಇದೇ ಮಾದರಿಯ ಬೇರೆ ಕಂಪೆನಿಗಳ ಸಾಧನಗಳೂ ಇವೆ. ಪಿಡಿಎಗೆ ಬಿರಡೆಯಂತಹವು, ತೀರಾ ಸಣ್ಣ ಪಿಡಿಎಗೆ ಸುರುಳಿ ತಂತಿಗಳು, ವಿಎಸ್‌ಡಿಗೆ ಬೇರೆ ಆಕಾರದವು ಬಂದಿವೆ. 2019ರಲ್ಲಿ ಅಲ್ಲಿ ಒಪ್ಪಿಗೆ ಪಡೆದ ಒಂದು ಪುಟ್ಟ ಸಾಧನವನ್ನು 700 ಗ್ರಾಂ ತೂಕದ ಹಸುಳೆಗೂ ಹಾಕಬಹುದು.

ಸಾಧನ ಹೇಗಿರುತ್ತದೆ, ಹೇಗೆ ಹಾಕುತ್ತಾರೆ?

ಅಜ್ಜಿಗೆ ನಾನು ಅವರ ಕಿವಿಯ ಓಲೆಯನ್ನೇ ತೋರಿಸಿ ವಿವರಿಸಿದೆ. ಓಲೆ ಮುಂದಿರುತ್ತದೆ, ತಿರುಪು ಹಿಂದಿರುತ್ತದೆ, ನಡುವೆ ಕಿವಿಯ ತೂತಿನಲ್ಲಿ ಕಡ್ಡಿ. ಎಎಸ್‌ಡಿ ಸಾಧನವೂ ಹಾಗೆಯೇ. ಎರಡು ಚಪ್ಪಟೆ ಬಿಲ್ಲೆಗಳು ಗೋಡೆಯ ಎರಡೂ ಬದಿಯಲ್ಲಿ ಕೂರುತ್ತವೆ, ನಡುವಿನ ದಪ್ಪ ಕುತ್ತಿಗೆ ರಂಧ್ರವನ್ನು ತುಂಬುತ್ತದೆ. ಬಲೆಯೊಳಗೆ ಪಾಲಿಯೆಸ್ಟರ್ ಬಟ್ಟೆಯಿರುತ್ತದೆ. ಕುತ್ತಿಗೆಯ ಅಳತೆ 4 ಮಿ.ಮೀ.ನಿಂದ ಸುಮಾರು 40 ಮಿ.ಮೀ.ವರೆಗೆ ಸಿಗುತ್ತದೆ.

ಮಕ್ಕಳಿಗೆ ಸಾಮಾನ್ಯವಾಗಿ ಅರಿವಳಿಕೆ ಕೊಡುತ್ತಾರೆ. ತೊಡೆಯ ಸಂದಿಯ ರಕ್ತನಾಳಕ್ಕೆ ಸೂಜಿ ಚುಚ್ಚಿ, ಪೆನ್ಸಿಲ್‌ಗಿಂತ ತೆಳುವಾದ ಕೊಳವೆಯನ್ನು ಹೃದಯದವರೆಗೆ ಒಯ್ಯುತ್ತಾರೆ. ಕೊಳವೆಯ ತುದಿ ಬಲಗಡೆಯ ಮೇಲಿನ ಕೋಣೆಗೆ ಬಂದು, ಅದೇ ರಂಧ್ರದ ಮೂಲಕ ಎಡಗಡೆಗೆ ಹೋಗುತ್ತದೆ. ಅಲ್ಲಿ ಮೊದಲ ಬಿಲ್ಲೆ ಬಿಚ್ಚಿಕೊಳ್ಳುತ್ತದೆ. ಅದನ್ನು ಹಿಂದಕ್ಕೆಳೆದು ಗೋಡೆಗೆ ತಾಗಿಸಿ, ಈಚೆ ಬದಿಯಲ್ಲಿ ಎರಡನೆಯ ಬಿಲ್ಲೆ ಬಿಚ್ಚುತ್ತಾರೆ. ಎಕ್ಸ್‌ರೇ ಮತ್ತು ಎಕೋ ಪರದೆಯಲ್ಲಿ ನೋಡುತ್ತಾ ಮೆಲ್ಲಗೆ ಅಲುಗಾಡಿಸಿ, ಗಟ್ಟಿಯಾಗಿ ಕೂತಿದೆಯೇ, ಪಕ್ಕದ ಕವಾಟಕ್ಕೆ ಅಡ್ಡಿಯಿದೆಯೇ ಎಂದು ಪರೀಕ್ಷಿಸುತ್ತಾರೆ. ಸರಿಯಿಲ್ಲದಿದ್ದರೆ ಮತ್ತೆ ಕೊಳವೆಯೊಳಕ್ಕೆ ಎಳೆದುಕೊಳ್ಳಬಹುದು. ಎಲ್ಲವೂ ಸರಿಯಿದೆ ಎಂದಾದ ಮೇಲೆಯೇ ತಿರುಪು ಬಿಚ್ಚಿ ಸಾಧನವನ್ನು ಅಲ್ಲೇ ಬಿಡುತ್ತಾರೆ.

ತೊಡೆಯ ಸಂದಿಯಲ್ಲಿ ಕೆಲವು ಮಿಲ್ಲಿಮೀಟರಿನ ಗುರುತು ಬಿಟ್ಟರೆ ಬೇರೆ ಗಾಯವಿಲ್ಲ. ಹೆಚ್ಚಿನವರು ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾರೆ. ಮೂರರಿಂದ ಆರು ತಿಂಗಳಲ್ಲಿ ಹೃದಯದ ಒಳಪದರವೇ ಸಾಧನದ ಮೇಲೆ ಬೆಳೆದು ಅದನ್ನು ಗೋಡೆಯ ಭಾಗವಾಗಿಸುತ್ತದೆ. ಅಲ್ಲಿಯವರೆಗೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ ಆರು ತಿಂಗಳು ಆಸ್ಪಿರಿನ್ ಕೊಡುತ್ತಾರೆ. ಈ ಮಾತ್ರೆಯನ್ನು ನಡುವೆ ನಿಲ್ಲಿಸಬಾರದು.

ಎಲ್ಲರಿಗೂ ಸಾಧನ ಆಗುತ್ತದೆಯೇ?

ಇಲ್ಲ. ಬಿಲ್ಲೆಗಳು ಹಿಡಿದುಕೊಳ್ಳಲು ರಂಧ್ರದ ಸುತ್ತ ಸಾಕಷ್ಟು ಅಂಚು ಇರಬೇಕು. ಎಎಸ್‌ಡಿಗಳಲ್ಲಿ 'ಸೆಕಂಡಮ್' ಎಂಬ ಬಗೆಗೆ, ಅಂದರೆ ಗೋಡೆಯ ನಡುಭಾಗದ ರಂಧ್ರಕ್ಕೆ, ಮಾತ್ರ ಈ ಸಾಧನ ಹೊಂದುತ್ತದೆ. ಗೋಡೆಯ ಕೆಳತುದಿಯಲ್ಲಿರುವ 'ಪ್ರೈಮಮ್' ರಂಧ್ರಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು. ಶಿಶುಗಳ ದೊಡ್ಡ ವಿಎಸ್‌ಡಿಗೂ ಹೆಚ್ಚಾಗಿ ಶಸ್ತ್ರಚಿಕಿತ್ಸೆಯೇ ದಾರಿ. ವೈದ್ಯರು "ಆಪರೇಷನ್ ಬೇಕು" ಎಂದರೆ ಅವರು ಹಣಕ್ಕಾಗಿ ಹೇಳುತ್ತಿದ್ದಾರೆ ಎಂದುಕೊಳ್ಳಬೇಡಿ. ಅನುಮಾನವಿದ್ದರೆ ಇನ್ನೊಬ್ಬ ಮಕ್ಕಳ ಹೃದ್ರೋಗ ತಜ್ಞರಿಗೆ ವರದಿ ತೋರಿಸಿ. ಆದರೆ ಕೈಕಟ್ಟಿ ಕೂರಬೇಡಿ.

ಸಾಧನದಲ್ಲೂ ಅಪಾಯ ಪೂರ್ತಿ ಇಲ್ಲವೆಂದಲ್ಲ. ಅಪರೂಪಕ್ಕೆ ಅದು ಜಾರಿ ಬೇರೆಡೆ ಹೋಗಬಹುದು. ಆಗ ಕೊಳವೆಯಿಂದಲೇ ಇಲ್ಲವೆ ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ. ಇನ್ನೂ ಅಪರೂಪಕ್ಕೆ ಅಂಚು ಹೃದಯದ ಗೋಡೆಯನ್ನು ಸವೆಸಬಹುದು. ಎದೆಬಡಿತದ ಲಯ ತಪ್ಪಬಹುದು. ಆದ್ದರಿಂದಲೇ ಮುಂದೆಯೂ ಹೇಳಿದ ದಿನಗಳಂದು ಎಕೋ ಮಾಡಿಸಬೇಕು. ಎದೆನೋವು, ತಲೆಸುತ್ತು, ಏದುಸಿರು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಿಕ್ಕಲ್‌ನ ಓಲೆ, ಗಡಿಯಾರದ ಪಟ್ಟಿಯಿಂದ ಚರ್ಮದಲ್ಲಿ ತುರಿಕೆ ಬರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ತಡವಾದರೆ ಬಾಗಿಲು ಮುಚ್ಚುತ್ತದೆ

ಈ ಲೇಖನದ ಮುಖ್ಯ ಮಾತು ಇದು. ಕೆಲವು ವರ್ಷಗಳ ಹಿಂದೆ ಇಪ್ಪತ್ತಾರರ ಒಬ್ಬ ಯುವತಿ ತಮ್ಮ ಗಂಡನೊಂದಿಗೆ ಬಂದರು. ಮದುವೆಯಾಗಿ ಎರಡು ವರ್ಷ. ಮಕ್ಕಳಾಗಲು ಔಷಧಿ ಬೇಕಿತ್ತು. ನಾಡಿ ಹಿಡಿದಾಗ ಉಗುರುಗಳ ಕಡೆ ನೋಡಿದೆ: ನೀಲಿ ಬಣ್ಣ, ಬೆರಳ ತುದಿಗಳು ಉಬ್ಬಿದ್ದವು. ಗಂಡ ಹೊರಗೆ ಹೋದ ಮೇಲೆ ಅವರ ತಾಯಿ ಹೇಳಿದರು, ಆರು ವರ್ಷದವಳಿದ್ದಾಗಲೇ ವೈದ್ಯರು ರಂಧ್ರವಿದೆ ಎಂದಿದ್ದರು. ಮದುವೆಗೆ ತೊಡಕಾದೀತೆಂದು ಯಾರಿಗೂ ಹೇಳಿರಲಿಲ್ಲ. ಚೀಟಿಯನ್ನೂ ಹರಿದು ಹಾಕಿದ್ದರು.

ದೊಡ್ಡ ರಂಧ್ರದಿಂದ ವರ್ಷಗಟ್ಟಲೆ ಹೆಚ್ಚುವರಿ ರಕ್ತ ನುಗ್ಗಿದರೆ ಶ್ವಾಸಕೋಶದ ರಕ್ತನಾಳಗಳು ದಪ್ಪಗಟ್ಟಿ ಇಕ್ಕಟ್ಟಾಗುತ್ತವೆ. ಅಲ್ಲಿನ ಒತ್ತಡ ಏರುತ್ತದೆ. ಕೊನೆಗೆ ಬಲಭಾಗದ ಒತ್ತಡ ಎಡಕ್ಕಿಂತ ಹೆಚ್ಚಾಗಿ, ಅಶುದ್ಧ ರಕ್ತವೇ ರಂಧ್ರದ ಮೂಲಕ ದೇಹಕ್ಕೆ ಹರಿಯತೊಡಗುತ್ತದೆ. ಇದನ್ನು ಐಸೆನ್‌ಮೆಂಗರ್ ಸ್ಥಿತಿ ಎನ್ನುತ್ತಾರೆ. ಈ ಹಂತದಲ್ಲಿ ರಂಧ್ರ ಮುಚ್ಚುವಂತಿಲ್ಲ. ಬಳಲಿದ ಹೃದಯಕ್ಕೆ ಅದೇ ಈಗ ಒತ್ತಡ ಇಳಿಸುವ ದಾರಿ. ಮುಚ್ಚಿದರೆ ಜೀವಕ್ಕೇ ಅಪಾಯ. ಗರ್ಭ ಧರಿಸಿದರೂ ತಾಯಿಯ ಜೀವ ಉಳಿಯುವುದು ಕಷ್ಟ. ಆ ಯುವತಿಗೆ ನಾನು ಮಕ್ಕಳಾಗುವ ಔಷಧಿ ಕೊಡಲಿಲ್ಲ. ಹೃದ್ರೋಗ ತಜ್ಞರ ಬಳಿ ಕಳುಹಿಸಿದೆ. ಇಂದು ಮಾತ್ರೆಗಳ ಮೇಲೆ ದಿನ ಕಳೆಯುತ್ತಿದ್ದಾರೆ. ಆರನೆಯ ವಯಸ್ಸಿನಲ್ಲಿ ಮುಚ್ಚಿದ್ದರೆ ಅವರ ಬದುಕು ಬೇರೆಯಾಗಿರುತ್ತಿತ್ತು. ಮದುವೆಗಾಗಿ ಮುಚ್ಚಿಟ್ಟ ವಿಷಯ ಮದುವೆಯ ಸುಖವನ್ನೇ ಕಿತ್ತುಕೊಂಡಿತು.

ಕುಟುಂಬಗಳು ಕೇಳುವ ಪ್ರಶ್ನೆಗಳು

ಮದುವೆ, ಹೆರಿಗೆಗೆ ತೊಂದರೆಯೇ? ಸರಿಯಾದ ಸಮಯದಲ್ಲಿ ಎಎಸ್‌ಡಿ ಮುಚ್ಚಿಸಿಕೊಂಡು, ಶ್ವಾಸಕೋಶದ ಒತ್ತಡ ಸಹಜವಾಗಿರುವ ಹೆಣ್ಣುಮಕ್ಕಳು ಸಾಮಾನ್ಯವಾಗಿ ಬೇರೆಯವರಂತೆಯೇ ಗರ್ಭ ಧರಿಸಿ ಹೆರುತ್ತಾರೆ. ಗರ್ಭಿಣಿಯಾದಾಗ ವೈದ್ಯರಿಗೆ ಹಳೆಯ ದಾಖಲೆ ತೋರಿಸಿದರೆ ಸಾಕು.

ಸಾಧನದಲ್ಲಿ ಹರಾಮ್ ವಸ್ತುವಿದೆಯೇ? ಮೇಲೆ ಹೇಳಿದ ಸಾಧನದಲ್ಲಿರುವುದು ಲೋಹ ಮತ್ತು ಪಾಲಿಯೆಸ್ಟರ್. ಪ್ರಾಣಿಮೂಲದ್ದೇನೂ ಇಲ್ಲ. ಚಿಕಿತ್ಸೆಯ ವೇಳೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಚುಚ್ಚುಮದ್ದು ಮಾತ್ರ ಹೆಚ್ಚಾಗಿ ಹಂದಿಯ ಕರುಳಿನಿಂದ ತಯಾರಾಗುತ್ತದೆ. ಈ ಬಗ್ಗೆ ಮನಸ್ಸಿನಲ್ಲಿ ಪ್ರಶ್ನೆಯಿದ್ದರೆ ವೈದ್ಯರ ಜೊತೆ ಮಾತನಾಡಿ, ತಿಳಿದ ಆಲಿಮರನ್ನು ಕೇಳಿ. ಆದರೆ ಅದನ್ನು ಈ ವಾರವೇ ಕೇಳಿ, ಮುಂದಿನ ವರ್ಷಕ್ಕೆ ಇಡಬೇಡಿ.

ನಮಾಜ್, ಉಪವಾಸ? ತೊಡೆಯ ಸಂದಿಯ ಗಾಯ ಮಾಯುವವರೆಗೆ ಕುಳಿತು ನಮಾಜ್ ಮಾಡುವುದು ಒಳ್ಳೆಯದು. ಬಳಿಕ ರುಕೂ, ಸಜ್ದಾಕ್ಕೆ ಸಾಧನದಿಂದ ಅಡ್ಡಿಯಿಲ್ಲ. ಭಾರ ಎತ್ತುವುದು, ಜೋರಾದ ಆಟ ಕೆಲವು ವಾರ ಬೇಡ. ದೊಡ್ಡವರು ರಮಝಾನಿನಲ್ಲಿ ಮಾತ್ರೆಯನ್ನು ಇಫ್ತಾರಿನ ಬಳಿಕ ತೆಗೆದುಕೊಳ್ಳಬಹುದೇ ಎಂದು ತಜ್ಞರನ್ನು ಕೇಳಿ ನಿರ್ಧರಿಸಬೇಕು.

ಎಂಆರ್‌ಐ, ವಿಮಾನ ಪ್ರಯಾಣ, ಹಜ್? ನಿಟಿನಾಲ್ ಸಾಧನವಿದ್ದವರಿಗೂ ನಿಗದಿತ ಎಚ್ಚರಿಕೆಯೊಂದಿಗೆ ಎಂಆರ್‌ಐ ಮಾಡುತ್ತಾರೆ. ಸಾಧನದ ಹೆಸರು, ಅಳತೆ ಬರೆದ ಕಾರ್ಡ್ ಕೊಡುತ್ತಾರೆ. ಅದನ್ನು ಆಧಾರ್ ಕಾರ್ಡಿನಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ. ಪ್ರಯಾಣದಲ್ಲೂ ಜೊತೆಗಿರಲಿ.

ಹಲ್ಲಿನ ಶುಚಿತ್ವಕ್ಕೂ ಇದಕ್ಕೂ ಏನು ಸಂಬಂಧ? ಕೊಳೆತ ಹಲ್ಲು, ಊದಿದ ವಸಡಿನಿಂದ ರೋಗಾಣುಗಳು ರಕ್ತಕ್ಕೆ ಸೇರಿ ಹೃದಯದ ಒಳಪದರಕ್ಕೆ ಸೋಂಕು ತರಬಲ್ಲವು. ಮಿಸ್ವಾಕ್ ಆಗಲಿ, ಬ್ರಷ್ ಆಗಲಿ, ಮಗು ದಿನವೂ ಹಲ್ಲುಜ್ಜಬೇಕು. ಸಾಧನ ಹಾಕಿದ ಮೊದಲ ಆರು ತಿಂಗಳು ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ವಿಷಯ ಹೇಳಲೇಬೇಕು. ಅವರು ಮುಂಚಿತವಾಗಿ ಆಂಟಿಬಯಾಟಿಕ್ ಕೊಡುತ್ತಾರೆ.

ಎಲ್ಲಿ ಹೋಗಬೇಕು, ಖರ್ಚು ಹೇಗೆ?

2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರಕಾರಿ, ಅನುದಾನಿತ ಶಾಲೆಗಳಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಹೃದಯದ ಜನ್ಮಜಾತ ದೋಷ ಕಂಡರೆ ಉಚಿತ ಚಿಕಿತ್ಸೆಗೆ ಕಳುಹಿಸುತ್ತಾರೆ. ತಪಾಸಣೆಯ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಸೌಲಭ್ಯವಿದೆ. ಪಡಿತರ ಚೀಟಿ, ಆಧಾರ್ ಕಾರ್ಡ್ ಹಿಡಿದು ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರ ಪಡೆಯಿರಿ. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಸರಕಾರದ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳಿವೆ.

ವೈದ್ಯರಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ, ಉತ್ತರವನ್ನು ಬರೆದುಕೊಳ್ಳಿ: ರಂಧ್ರ ಯಾವ ಬಗೆಯದು, ಎಷ್ಟು ದೊಡ್ಡದು? ತಾನಾಗಿ ಮುಚ್ಚುವ ಸಾಧ್ಯತೆ ಇದೆಯೇ, ಇದ್ದರೆ ಮುಂದಿನ ಎಕೋ ಯಾವಾಗ? ಶ್ವಾಸಕೋಶದ ಒತ್ತಡ ಎಷ್ಟಿದೆ? ಸಾಧನ ಆಗುತ್ತದೆಯೇ, ಶಸ್ತ್ರಚಿಕಿತ್ಸೆ ಬೇಕೇ, ಯಾವ ವಯಸ್ಸಿನೊಳಗೆ?

ಹಕೀಮರ ಕೆಲಸವೇನು ಎಂದು ನೀವು ಕೇಳಬಹುದು. ಮಗುವಿನ ಆಹಾರ, ಹಸಿವು, ರಕ್ತಹೀನತೆ, ನಿದ್ದೆ, ತಾಯಿಯ ಧೈರ್ಯ ಇವುಗಳಲ್ಲಿ ನಾವು ನೆರವಾಗಬಲ್ಲೆವು. ಎದೆಗೆ ಕಿವಿಗೊಟ್ಟು ಕೇಳಿ, ಅನುಮಾನ ಬಂದೊಡನೆ ಸರಿಯಾದ ಕಡೆ ಕಳುಹಿಸಬಲ್ಲೆವು. ಆಸ್ಪಿರಿನ್ ನುಂಗುತ್ತಿರುವವರಿಗೆ ತಜ್ಞರನ್ನು ಕೇಳದೆ ಯಾವ ಔಷಧಿಯನ್ನೂ ಸೇರಿಸಬಾರದು ಎಂಬುದನ್ನೂ ತಿಳಿದಿರಬೇಕು.

ಆ ಅಜ್ಜಿ ಅಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ನಂತರ ವರದಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ಹಾಗಾದರೆ ಯಾವ ದಿನ ಹೋಗಲಿ?" ಎಂದರು. ಮುಂದಿನ ವಾರವೇ ಹೋದರು. ಹುಡುಗಿಗೆ ಸಾಧನ ಹಾಕಿ ಮೂರನೆಯ ದಿನ ಮನೆಗೆ ಕಳುಹಿಸಿದರು. ಮೊನ್ನೆ ಅವಳು ದವಾಖಾನೆಗೆ ಬಂದಿದ್ದಳು, ನೆಗಡಿಗೆ ಔಷಧಿ ಕೇಳಲು. ಮೆಟ್ಟಿಲನ್ನು ಓಡಿಕೊಂಡೇ ಹತ್ತಿದಳು. ಅಜ್ಜಿ ಹಿಂದಿನಿಂದ ನಿಧಾನವಾಗಿ ಹತ್ತಿ ಬಂದರು.